ಐದನೇ ಎಲೆ

ಸತ್ತವಳು ಫೋನ್ ಮಾಡಿದ್ದು ಸೋಮವಾರ ಬೆಳಗ್ಗೆ, ವೇಣು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದಾಗ. ಮೊದಲು ಯಾರೋ ಅಧಿಕಾರಿಯ ದನಿ "ಮುನಿಯಣ್ಣನವರ ಮನೇನಾ, ಯಡಿಯೂರು?" ಎಂದು ಕೇಳಿತು. ಆಮೇಲೆ ಒಂದು ಹೆಣ್ಣು ದನಿ ಬಂತು.

"ಅಣ್ಣಾ, ನಾನು ಜಯ."

"ಯಾವ ಜಯ?"

"ನಿಂಗೆ ಎಷ್ಟ್ ಜನ ಜಯ ಇದಾರೆ? ಅವ್ವ ಇದಾಳಾ?"

ವೇಣು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುವವನು. ಈ ಸದ್ದು ಮಾತ್ರ ಅವನಿಗೆ ಅರ್ಥವಾಗಲಿಲ್ಲ. ಅವನು ಗೋಡೆ ನೋಡಿದ. ಅಲ್ಲಿ ಅಂಬೇಡ್ಕರ್ ಇದ್ದರು, ಬುದ್ಧ ಇದ್ದ, ಅಪ್ಪ ಮುನಿಯಣ್ಣ ಇದ್ದ, ಕೊನೆಯಲ್ಲಿ ಗಂಧದ ಚಕ್ಕೆಯ ಹಾರ ಹಾಕಿಸಿಕೊಂಡು ಅವನ ತಂಗಿ ಜಯಶೀಲಾ ಇದ್ದಳು. ತಾಯಿ ಮಾರಮ್ಮ ಸ್ಟೂಲ್ ಹತ್ತಿ ಅದೇ ಹಾರದ ಧೂಳು ಒರೆಸುತ್ತಿದ್ದಳು.

"ಅವ್ವಾ, ಕೆಳಗಿಳಿ," ಎಂದ ವೇಣು. "ಮೊದ್ಲು ಕೆಳಗಿಳಿ, ಆಮೇಲೆ ಹೇಳ್ತೀನಿ."

ಮಾರಮ್ಮ ಇಳಿದಳು, ಫೋನ್ ಹಿಡಿದಳು, ಎರಡು ಮಾತು ಕೇಳಿದಳು, ಮತ್ತೆ ಸ್ಟೂಲ್ ಹತ್ತಿದಳು. ಎಪ್ಪತ್ತೆರಡರ ಮುದುಕಿ ಒಂದೇ ಎಳೆತಕ್ಕೆ ಫೋಟೋವನ್ನು ಮೊಳೆಸಮೇತ ಕಿತ್ತು ಹಾರವನ್ನು ಕಿಟಕಿಯಿಂದ ಹೊರಗೆಸೆದಳು. ಅದು ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಹತ್ತೇ ನಿಮಿಷದಲ್ಲಿ ಕೆರೆಯ ಹಿಂದಿನ ಸ್ಲಂ ಬೋರ್ಡ್ ಮನೆಗಳ ಮೂರೂ ಸಾಲಿಗೆ ಸುದ್ದಿ ಹಬ್ಬಿತು. ಮಾರಮ್ಮನ ಮಗಳು ಬದುಕಿದ್ದಾಳಂತೆ! ಕಾಡಿನಿಂದ ಬಂದು ಬಂದೂಕು ಒಪ್ಪಿಸಿದ್ದಾಳಂತೆ! ಸರ್ಕಾರ ಮಾಫಿ ಮಾಡುತ್ತದಂತೆ!

ಜಯಶೀಲಾ ಕಾಲೇಜು ಬಿಟ್ಟು ನಕ್ಸಲರ ದಳ ಸೇರಿ ಇಪ್ಪತ್ತೊಂದು ವರ್ಷವಾಗಿತ್ತು. ಹದಿನೆಂಟು ವರ್ಷದ ಹಿಂದೆ ಪೇಪರಿನಲ್ಲಿ ಎನ್‌ಕೌಂಟರಿನಲ್ಲಿ ಸತ್ತ ಹುಡುಗಿಯೊಬ್ಬಳ ಫೋಟೋ ಬಂದಿತ್ತು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಎತ್ತರ ಅಷ್ಟೇ, ಜಡೆ ಅಷ್ಟೇ. ಮಾರಮ್ಮ ಪೇಪರನ್ನು ಎದೆಗೊತ್ತಿಕೊಂಡು ಅತ್ತವಳು ಆ ವರ್ಷದ ಹಿರಿಯರ ಹಬ್ಬಕ್ಕೆ ಮಗಳ ಹೆಸರಿನಲ್ಲೂ ಎಡೆ ಇಟ್ಟಳು. ಮಾವನದೊಂದು, ಅತ್ತೆಯದೊಂದು, ಗಂಡನದೊಂದು, ಕುಡಿದು ಸತ್ತ ಮೈದುನ ಚಿನ್ನಪ್ಪನದೊಂದು, ಐದನೆಯದು ಜಯಶೀಲಾಳದು. ಅವರವರ ಎಲೆಗೆ ಅವರವರಿಗೆ ಇಷ್ಟವಾದದ್ದು. ಮುನಿಯಣ್ಣನಿಗೆ ಬೀಡಿ, ಚಿನ್ನಪ್ಪನಿಗೆ ಕ್ವಾರ್ಟರ್ ಬ್ರಾಂದಿ, ಜಯಶೀಲಾಳಿಗೆ ಮೊಟ್ಟೆ ಬೋಂಡ, ಹಸಿರು ಬಳೆ, ಒಂದು ಹೊಸ ಸೀರೆ. ಬಡಿಸಿ, ಕೈ ಮುಗಿದು, ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ನಿಲ್ಲಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಆಮೇಲೆ ಎಡೆಯ ಸೀರೆಯನ್ನು ಮನೆಯ ಹೆಂಗಸು ಉಡಬೇಕು. ಹಾಗೆ ಹದಿನೆಂಟು ಸೀರೆಗಳನ್ನು ಉಟ್ಟು ಹರಿದವಳು ವೇಣುವಿನ ಹೆಂಡತಿ ಲತಾಮಣಿ.

"ಅಜ್ಜೀ, ಅಂದ್ರೆ ಹದಿನೆಂಟ್ ವರ್ಷ ಬದುಕಿರೋರಿಗೆ ಎಡೆ ಇಟ್ವಾ?" ಎಂದು ಮೊಮ್ಮಗಳು ಶೃತಿ ಸೋಫಾ ಮೇಲೆ ಹಾರಿ ಕುಳಿತು ನಕ್ಕಳು. ಅವಳು ಲಾ ಕಾಲೇಜಿನ ಎರಡನೇ ವರ್ಷದವಳು, ಹತ್ತೊಂಬತ್ತರ ಹುಡುಗಿ. "ಅದಕ್ಕೇ ಅತ್ತೆ ಇಷ್ಟು ಗಟ್ಟಿಯಾಗಿ ಉಳ್ಕೊಂಡಿರೋದು! ಆದ್ರೆ ಆ ಫೋಟೋದಲ್ಲಿದ್ದೋಳು ಯಾರು ಹಂಗಾದ್ರೆ?"

ಮಾರಮ್ಮ ಕಣ್ಣು ಒರೆಸಿಕೊಂಡಳು. "ಯಾರ ಮಗಳೋ ಏನೋ. ಹದಿನೆಂಟು ವರ್ಷ ನನ್ ಕೈಯಡುಗೆ ಉಂಡವ್ಳೆ. ಉಣ್ಲಿ ಬಿಡು."

"ರೇಷನ್ ಕಾರ್ಡಿಂದ ಹೆಸರು ತೆಗಿಸ್ಬಿಟ್ಟಿದೀವಲ್ಲ!" ಎಂದು ವೇಣು ತಲೆ ಮೇಲೆ ಕೈ ಹೊತ್ತ. ಎಲ್ಲರೂ ಒಟ್ಟಿಗೇ ನಕ್ಕರು, ಅತ್ತರು, ಮತ್ತೆ ನಕ್ಕರು.

ಅಡುಗೆಮನೆಯ ಬಾಗಿಲಲ್ಲಿ ಲತಾಮಣಿ ಸೌಟು ಹಿಡಿದು ನಿಂತಿದ್ದಳು. ಜಯನಗರದ ಸರ್ಕಾರಿ ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸುವ ಮುಖ್ಯ ಅಡುಗೆಯವಳು ಅವಳು. ಹೊರಡುವ ಹೊತ್ತು ಮೀರಿತ್ತು.

"ಕೈಲಾಸ್ ವಿಷ್ಯ ಕೇಳಿದ್ರಾ?" ಎಂದಳು.

ನಗು ಅಲ್ಲಿಗೇ ನಿಂತಿತು.

ಕೈಲಾಸ್ ಲತಾಮಣಿಯ ಅಣ್ಣ, ಬೇಗೂರಿನವನು, ಗೂಡ್ಸ್ ಆಟೋ ಓಡಿಸುತ್ತಿದ್ದ. ಲತಾಮಣಿ ಈ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿದ್ದಾಗ ಘಟ್ಟದ ಕಡೆಯ ಅಂಚೆಮುದ್ರೆ ಹೊತ್ತು ಜಯಶೀಲಾಳ ಒಂದು ಕಾಗದ ಬಂತು. ವೇಣುವಿಗೆ ಡಿಪೋದಲ್ಲಿ ರಜೆ ಸಿಗಲಿಲ್ಲ. ಮಾರಮ್ಮ ಕೈಲಾಸ್‌ನ ಕೈ ಹಿಡಿದು ಬೇಡಿಕೊಂಡಳು, "ನೀನು ರಸ್ತೆ ತಿಳ್ದೋನು ಕಣಪ್ಪ, ಹೋಗಿ ನನ್ ಮಗಳನ್ನ ಕರ್ಕೊಂಬಾ." ಮಗಳ ಚಳಿಗೆಂದು ತಾನೇ ಹೆಣೆದ ಒಂದು ಕೆಂಪು ಸ್ವೆಟರನ್ನೂ ಕೊಟ್ಟಳು. ಅವನು ಹೋದ. ವಾಪಸ್ ಬರಲಿಲ್ಲ. ಪೊಲೀಸರು 'ಕಾಣೆಯಾಗಿದ್ದಾನೆ' ಎಂದು ಬರೆದುಕೊಂಡರು, ಅಷ್ಟೆ. ಸತ್ತ ಸುದ್ದಿಯೂ ಸಿಗದವನಿಗೆ ತಿಥಿಯಿಲ್ಲ, ಎಡೆಯಿಲ್ಲ. ಬೇಗೂರಿನಲ್ಲಿ ಅವನ ತಾಯಿ ಶಿವಬಸಮ್ಮ ಇಪ್ಪತ್ತು ವರ್ಷದಿಂದ ದಿನಾ ಮಧ್ಯಾಹ್ನ ಅವನ ತಟ್ಟೆಗೆ ಬಡಿಸಿ ಮುಚ್ಚಿಡುತ್ತಿದ್ದಳು.

"ಇವತ್ತು ಒಂದಿನ ಸಂತೋಷವಾಗಿರೋಣ ಕಣೆ," ಎಂದಳು ಮಾರಮ್ಮ.

"ಇರಿ ಅತ್ತೆ, ಯಾರು ಬೇಡ ಅಂದ್ರು," ಎಂದು ಲತಾಮಣಿ ಸೌಟು ಇಟ್ಟು ಚಪ್ಪಲಿ ಮೆಟ್ಟಿ ಹೋದಳು. ಉಪ್ಪಿಟ್ಟು ತಳ ಹಿಡಿಯಿತು.

ಆ ಗುರುವಾರ ವಕೀಲ ಶಿವರಾಮ್ ಬಂದರು. ಬನಶಂಕರಿಯ ಕಡೆ ಆಫೀಸಿಟ್ಟುಕೊಂಡಿದ್ದ, ಇಂಥ ಕೇಸುಗಳನ್ನು ಕಾಸಿಲ್ಲದೆ ನಡೆಸುವ, ಆದರೆ ಕಾಫಿಯನ್ನು ಮೂರು ಲೋಟ ಕುಡಿಯುವ ಮನುಷ್ಯ. ಶೃತಿ ನೋಟ್‌ಬುಕ್ ತೆರೆದು ಅವರ ಎದುರಿಗೇ ಕುಳಿತಳು. ಮಾರಮ್ಮ ಚಕ್ಕುಲಿ ತಂದಿಟ್ಟಳು.

"ನೋಡಿ, ಸರ್ಕಾರದ ಯೋಜನೆ ಒಳ್ಳೇದೇ," ಎಂದರು ಶಿವರಾಮ್. "ಬಂದೂಕು ಬಿಟ್ಟು ಬಂದೋರ ಮೇಲಿನ ಕೇಸು ವಾಪಸ್ ತಗೋತಾರೆ. ಜಯಶೀಲಾ ಮೇಲೆ ಒಂಬತ್ತಿದೆ. ಎಲ್ಲಾ ಲಿಸ್ಟಲ್ಲಿದೆ. ಶರಣಾಗತಿ ಸಮಿತಿಯೋರು ಒಪ್ಪಿದ್ರೆ ಮುಂದಿನ ತಿಂಗಳೇ ಮನೆಗೆ ಬರ್ತಾರೆ."

"ಅಯ್ಯೋ ನಮ್ಮಪ್ಪಾ! ಇನ್ನೂ ನಾಲ್ಕ್ ಚಕ್ಕುಲಿ ತಗೊಳ್ಳಿ," ಎಂದಳು ಮಾರಮ್ಮ.

"ಎರಡು ಷರತ್ತು. ಒಂದು, ಆ ಲಿಸ್ಟಲ್ಲಿ ಇಲ್ಲದ ಯಾವ ವಿಷ್ಯನೂ ಅವರು ಬಾಯಿಬಿಡಬಾರದು. ಒಂಬತ್ತಕ್ಕೆ ಮಾಫಿ ಉಂಟು. ಹತ್ತನೇದು ಹುಟ್ಟಿದ್ರೆ ಅದಕ್ಕಿಲ್ಲ. ಜೈಲೇ."

ಶೃತಿ ಪೆನ್ ಎತ್ತಿದಳು. "ಅದ್ಯಾವ ನ್ಯಾಯ ಅಂಕಲ್? ಸೌತ್ ಆಫ್ರಿಕಾದಲ್ಲಿ ಎಲ್ಲರೆದುರು ಪೂರ್ತಿ ಸತ್ಯ ಹೇಳಿದೋರಿಗೆ ಮಾಫಿ ಕೊಟ್ರು. ಇಲ್ಲಿ ಸುಮ್ನಿದ್ದೋರಿಗೆ ಮಾಫಿ, ಹೇಳಿದೋರಿಗೆ ಜೈಲಾ?"

"ಇದು ಯಡಿಯೂರು ಕಣಮ್ಮ," ಎಂದು ಶಿವರಾಮ್ ಚಕ್ಕುಲಿ ಮುರಿದರು. "ಎರಡನೇ ಷರತ್ತು, ಆಶ್ರಯದ ಮುಚ್ಚಳಿಕೆ. ಅಂದ್ರೆ, ನಮ್ಮ ಮನೇಲಿ ಇಟ್ಕೋತೀವಿ ಅಂತ ಮನೆ ಮಾಲೀಕರು ರುಜು ಹಾಕ್ಬೇಕು. ಮನೆ ಯಾರ ಹೆಸರಲ್ಲಿದೆ?"

ಎಲ್ಲರ ಕಣ್ಣೂ ಅಡುಗೆಮನೆಯ ಕಡೆ ತಿರುಗಿತು. ಅಲ್ಲಿ ಕುಕ್ಕರ್ ಕೂಗಿತು.

ಬೋರ್ಡಿನವರು ಹಕ್ಕುಪತ್ರ ಕೊಡುವಾಗ ಹೆಂಗಸರ ಹೆಸರಿಗೇ ಕೊಟ್ಟಿದ್ದರು. ಆವಾಗ ಮಾರಮ್ಮ, "ನಂಗೆ ಹೆಬ್ಬೆಟ್ಟು ಒತ್ತಕ್ಕೆ ನಾಚ್ಕೆ, ಓಡಾಡಕ್ಕೂ ಆಗಲ್ಲ, ಸೊಸೆ ಹೆಸರು ಬರ್ಕೊಳ್ಳಿ," ಎಂದಿದ್ದಳು. ಅವತ್ತು ಆ ಮಾತಿಗೆ ಬೀದಿಯೆಲ್ಲ ಅತ್ತೆ ಅಂದ್ರೆ ಹಿಂಗಿರಬೇಕು ಎಂದು ಹೊಗಳಿತ್ತು.

ಲತಾಮಣಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ನಾನು ರುಜು ಹಾಕ್ಬೇಕಾ ಸಾರ್?"

"ಹೌದಮ್ಮ."

"ಅವಳ ಒಂಬತ್ತ್ ಕೇಸಲ್ಲಿ ನಮ್ಮಣ್ಣ ಇದಾನಾ?"

ಶಿವರಾಮ್ ಕಾಗದ ತಿರುವಿದರು. ಇಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ತಿರುವಿದರು. "ಇಲ್ಲ. ಅವರದು ಕಾಣೆಯಾದ ಕೇಸು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇರಲೂಬಾರದು."

"ಸರಿ ಸಾರ್, ಯೋಚ್ನೆ ಮಾಡ್ತೀನಿ. ಊಟ ಮಾಡ್ಕೊಂಡ್ ಹೋಗಿ, ಹುಳಿ ಆಗಿದೆ."

ಭಾನುವಾರ ಮಾರಮ್ಮ, ವೇಣು, ಶೃತಿ ಮೂವರೂ ಜಯಶೀಲಾಳನ್ನು ಇಟ್ಟಿದ್ದ ಪುನರ್ವಸತಿ ಕೇಂದ್ರಕ್ಕೆ ಹೋಗಿ ಬಂದರು. ಮಾರಮ್ಮ ನಾಲ್ಕು ಡಬ್ಬಿ ಕಟ್ಟಿಕೊಂಡು ಹೋಗಿದ್ದಳು. ಪೊಲೀಸರು ಒಂದೊಂದನ್ನೂ ತೆರೆದು, ಮೂಸಿ, ಕೋಳಿ ಸಾರಿನಿಂದ ಒಂದು ತುಂಡು ರುಚಿ ನೋಡಿ ಒಳಗೆ ಬಿಟ್ಟರಂತೆ. ಸಂಜೆ ಮನೆಗೆ ಬಂದ ಶೃತಿ ಒಂದೇ ಉಸಿರಿಗೆ ಹೇಳಿದಳು, ಅತ್ತೆ ಸಣ್ಣಗಾಗಿದ್ದಾರೆ, ತಲೆ ನರೆತಿದೆ, ಆದರೆ ಜೋಕ್ ಮಾಡ್ತಾರೆ, ಮೊಬೈಲಲ್ಲಿ ಚಿತ್ರ ಹಿಗ್ಗಿಸೋದು ನೋಡಿ ಬಾಯಿ ಬಿಟ್ಟರು, ಮೆಟ್ರೋ ಹತ್ತಬೇಕಂತೆ, ಸಖತ್ ಇದಾರೆ!

ಮಾರಮ್ಮ ಮಾತ್ರ ನೆಟ್ಟಗೆ ಹೋಗಿ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯತೊಡಗಿದಳು. ಆ ಮನೆಯಲ್ಲಿ ಮಾರಮ್ಮ ಪಾತ್ರೆ ಮುಟ್ಟಿ ಹತ್ತು ವರ್ಷವಾಗಿತ್ತು. ಸೋಮವಾರ ಸೊಸೆಯ ಸೀರೆ ಮಡಿಸಿಟ್ಟಳು. ಮಂಗಳವಾರ ಬೆಳಗ್ಗೆ ಸೊಸೆಗಿಂತ ಮೊದಲೆದ್ದು ಅವಳ ಟಿಫಿನ್ ಕಟ್ಟಿದಳು. ಬುಧವಾರ "ನಿನ್ ಕಾಲು ಊದ್ಕೊಂಡಿದೆ, ಎಣ್ಣೆ ಹಚ್ಲಾ?" ಎಂದಾಗ ಲತಾಮಣಿ ತಿರುಗಿ ನಿಂತಳು.

"ಅತ್ತೆ, ಅವಳು ಏನ್ ಹೇಳಿದ್ಲು?"

"ಏನೂ ಹೇಳ್ಲಿಲ್ಲ ಕಣೆ."

"ಮತ್ತೆ ಯಾಕೆ ನನ್ ಕಾಲಿಗೆ ಎಣ್ಣೆ?"

ಮಾರಮ್ಮನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಮೂರೇ ದಿನ. ಅವಳು ನೆಲದ ಮೇಲೆ ಕುಳಿತೇಬಿಟ್ಟಳು. "ಸ್ವೆಟರ್ ಅವ್ಳತ್ರ ಐತೆ ಕಣೆ ಲತಾ. ನಾನು ಹೆಣೆದಿದ್ದು. ಬ್ಯಾಗಲ್ಲಿ ಮಡಿಸಿಟ್ಕೊಂಡವ್ಳೆ. ಕೊನೆ ಗುಂಡಿ ಸಿಗ್ದೆ ನಿಮ್ಮಾವನ ಶರ್ಟಿನ ಬಿಳಿ ಗುಂಡಿ ಹೊಲ್ದಿದ್ನಲ್ಲ, ಅದೂ ಐತೆ."

"ಅಂದ್ರೆ ನಮ್ಮಣ್ಣ ಅಲ್ಲೀವರ್ಗೂ ಹೋಗಿದ್ದ."

"ಹೂಂ."

"ಮೂರ್ ದಿನದಿಂದ ಗೊತ್ತಿದ್ದೂ ನನ್ ಹತ್ರ ಮುಚ್ಚಿಟ್ರಿ."

"ರುಜು ಹಾಕ್ಲಿ, ಆಮೇಲ್ ಹೇಳಣ ಅಂತ..."

"ಅವತ್ತೂ ನಿಮ್ ಮಗಳಿಗೋಸ್ಕರ ನಮ್ಮಣ್ಣನ್ನ ಕಳ್ಸಿದ್ರಿ. ಇವತ್ತೂ ನಿಮ್ ಮಗಳಿಗೋಸ್ಕರ ಅವನನ್ನ ಮುಚ್ಚಾಕ್ತಿದೀರಿ!" ಲತಾಮಣಿಯ ದನಿ ಮೂರನೇ ಸಾಲಿನವರೆಗೂ ಕೇಳಿಸಿತು. "ನಮ್ಮವ್ವ ಇಪ್ಪತ್ ವರ್ಷದಿಂದ ದಿನಾ ತಟ್ಟೆ ಇಡ್ತಾಳೆ ಅತ್ತೆ. ದಿನಾ! ನೀವು ವರ್ಷಕ್ಕೊಂದ್ ಎಲೆ ಇಟ್ಟು ಅತ್ತಿದ್ದಕ್ಕೇ ಬೀದಿ ಜನ ಎಲ್ಲಾ ಸಮಾಧಾನ ಮಾಡಿದ್ರು."

"ಲತಾ, ಅವ್ವನ ಮೇಲೆ ಕೂಗಾಡ್ಬೇಡ," ಎಂದ ವೇಣು.

"ನೀವ್ ಸುಮ್ನಿರಿ. ಅವತ್ತು ಹೋಗ್ಬೇಕಿದ್ದೋರು ನೀವು."

ಇಪ್ಪತ್ತು ವರ್ಷ ಯಾರೂ ಆಡದ ಮಾತು ಅದು. ವೇಣು ತಲೆ ತಗ್ಗಿಸಿ ಆಚೆ ಹೋಗಿ ಸ್ಕೂಟರ್ ಒರೆಸತೊಡಗಿದ. ಲತಾಮಣಿ ಎರಡು ಸೀರೆ ಚೀಲಕ್ಕೆ ತುಂಬಿ, ಪಲ್ಯ ಫ್ರಿಜ್ಜಿನಲ್ಲಿದೆ ಎಂದು ಮಗಳಿಗೆ ಹೇಳಿ, ಬೇಗೂರಿನ ಬಸ್ ಹತ್ತಿದಳು.

ಆಮೇಲಿನ ಒಂದು ವಾರ ಆ ಮನೆ ಮನೆಯಾಗಿರಲಿಲ್ಲ. ಮಾರಮ್ಮ ಹಟಕ್ಕೆ ಅಡುಗೆ ಮಾಡಿದಳು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ವೇಣು ಮುದ್ದೆ ತೊಳಸಲು ಹೋಗಿ ಕೋಲು ಮುರಿದ. ನೀರು ಬಿಡುವ ದಿನ ಯಾರಿಗೂ ನೆನಪಾಗದೆ ಸಂಪ್ ಖಾಲಿಯಾಯಿತು. ಶೃತಿ ಕಾಲೇಜು ಮುಗಿಸಿ ಒಂದು ದಿನ ಬೇಗೂರಿಗೆ ಹೋದಳು.

ನಾಗೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ ಶಿವಬಸಮ್ಮನ ಒಂದೂವರೆ ಕೋಣೆಯ ಮನೆ. ಅಜ್ಜಿ ತಟ್ಟೆಗೆ ಅನ್ನ ಬಡಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಗೂಡಿನಲ್ಲಿಟ್ಟಳು. ಆಮೇಲೆ ಮೊಮ್ಮಗಳಿಗೆ ಬಡಿಸಿದಳು.

"ಅಮ್ಮಾ, ರುಜು ಹಾಕಲ್ವಾ?" ಎಂದಳು ಶೃತಿ.

"ಹಾಕಲ್ಲ ಅಂದ್ನಾ?" ಲತಾಮಣಿ ಬದನೆಕಾಯಿ ಹೆಚ್ಚುತ್ತಿದ್ದಳು. "ಸರ್ಕಾರಕ್ಕೆ ಅವಳು ಬಂದೂಕು ಕೊಟ್ಲು, ಸರ್ಕಾರ ಮಾಫಿ ಮಾಡ್ತು. ನಂಗೇನ್ ಕೊಟ್ಲು? ನಂಗೇನೂ ಬೇಡ. ನಮ್ಮಣ್ಣಂಗೆ ಏನಾಯ್ತು ಅಂತ ನಮ್ಮವ್ವನ ಮುಖ ನೋಡ್ಕೊಂಡು ಹೇಳ್ಬೇಕು. ಬದ್ಕಿದಾನೋ ಸತ್ತಿದಾನೋ, ಸತ್ತಿದ್ರೆ ಎಲ್ಲಿ. ಹೇಳಿದ್ರೆ ರುಜು, ಇಲ್ದಿದ್ರೆ ಇಲ್ಲ."

"ಹೇಳಿದ್ರೆ ಹತ್ತನೇ ಕೇಸ್ ಆಗುತ್ತಮ್ಮ. ಅತ್ತೆ ಜೈಲಿಗೆ ಹೋಗ್ಬೇಕಾಗುತ್ತೆ."

ಲತಾಮಣಿಯ ಚಾಕು ನಿಂತಿತು. ಅವಳಿಗೂ ಅದು ಗೊತ್ತಿತ್ತು. ಒಂದು ಕಾಲದಲ್ಲಿ ಜಯಶೀಲಾ ಅವಳ ಕ್ಲಾಸ್‌ಮೇಟ್, ಒಂದೇ ಟಿಫಿನ್ ಹಂಚಿಕೊಂಡವಳು, ವೇಣುವಿಗೆ ಅವಳನ್ನು ಮೊದಲು ತೋರಿಸಿದವಳೂ ಅವಳೇ. "ಅದು ಅವಳಿಗೆ ಬಿಟ್ಟಿದ್ದು," ಎಂದಳು. "ಬರ್ಕೊ, ನಾನು ಹೇಳ್ತೀನಿ."

ನಾಲ್ಕು ಸಾಲಿನ ಆ ಕಾಗದವನ್ನು ಶೃತಿ ಶಿವರಾಮ್ ಕೈಗೆ ಕೊಟ್ಟಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಇದನ್ನ ನಾನು ಹೆಂಗಮ್ಮ ಕೊಡ್ಲಿ? ನನ್ ಕ್ಲೈಂಟಿಗೆ ನಾನೇ ಗುಂಡಿ ತೋಡ್ಲಾ?"

"ನೀವು ಕೊಡ್ದಿದ್ರೆ ಭಾನುವಾರ ನಾನೇ ಡಬ್ಬಿ ಮುಚ್ಚಳದೊಳಗಿಟ್ಟು ಕೊಡ್ತೀನಿ ಅಂಕಲ್."

ಶಿವರಾಮ್ ಬೈದರು, ಕಾಫಿ ತರಿಸಿದರು, ಕೊಟ್ಟರು. ಮೂರು ದಿನ ಬಿಟ್ಟು ಉತ್ತರ ಬಂತು. ಹಿರಿಯರ ಹಬ್ಬದ ದಿನ ನಾಲ್ಕು ಗಂಟೆ ಮನೆಗೆ ಹೋಗಿಬರಲು ಜಯಶೀಲಾ ಅನುಮತಿ ಕೇಳಿದ್ದಳು, ಸಮಿತಿ ಒಪ್ಪಿತ್ತು. ಕಾಗದದಲ್ಲಿ ಒಂದೇ ಸಾಲು ಇತ್ತು: 'ಶಿವಬಸಮ್ಮತ್ತೆಯನ್ನೂ ಕರೆಸಿ.'

ಹಬ್ಬಕ್ಕೆ ಎರಡು ದಿನವಿದ್ದಾಗ ಲತಾಮಣಿ ತಾಯಿಯೊಂದಿಗೆ ಯಡಿಯೂರಿಗೆ ಬಂದಳು. ಬಂದವಳೇ ಅತ್ತೆಯ ಮುಖ ನೋಡದೆ ಸಂಪ್ ನೋಡಿದಳು, ಫ್ರಿಜ್ ನೋಡಿದಳು, ಮುರಿದ ಮುದ್ದೆ ಕೋಲು ನೋಡಿದಳು. "ಒಂದ್ ವಾರ ಬಿಟ್ಟೋದ್ರೆ ಮನೇನೇ ಮುಳುಗ್ಸಿದೀರಲ್ಲ," ಎಂದು ಸೆರಗು ಸಿಕ್ಕಿಸಿದಳು. ವೇಣುವಿಗೆ ಹೋದ ಉಸಿರು ಬಂತು. ಹೆಂಡತಿ ಬೈಯುತ್ತಿದ್ದಾಳೆ ಎಂದರೆ ಮನೆ ನಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆಮೇಲೆ ಮನೆ ಬುಗುರಿಯಂತೆ ತಿರುಗಿತು. ವೇಣು ಬೆಳಗಿನ ಐದಕ್ಕೇ ಮಟನ್ ಅಂಗಡಿಯ ಸಾಲಿನಲ್ಲಿ ನಿಂತ. ಶೃತಿ ಗೋಡೆಯ ಮೊಳೆ ತೂತಿಗೆ ಟೂತ್‌ಪೇಸ್ಟ್ ತುಂಬಿದಳು. ಲತಾಮಣಿ ಒಬ್ಬಟ್ಟು, ವಡೆ, ಬೋಟಿ ಗೊಜ್ಜು, ತಲೆಮಾಂಸ ಎಂದು ಇನ್ನೂರು ಜನರ ಅಳತೆಯಲ್ಲೇ ಮಸಾಲೆ ರುಬ್ಬಿದಳು. ಮಾರಮ್ಮ ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಎಡೆ ಸಾಮಾನು ತಂದು ಹರಡಿದಳು. ಬೀಡಿ, ಎಲೆ ಅಡಿಕೆ, ಪಂಚೆ, ಟವೆಲ್. ಶೃತಿ ಬಾಳೆಲೆ ಎಣಿಸಿದಳು.

"ಅಜ್ಜೀ, ಎಡೆಗೆ ಐದ್ ಎಲೆ ತಂದಿದೀಯಲ್ಲ! ಈ ಸಲ ನಾಲ್ಕೇ ಅಲ್ವಾ?"

ಮಾರಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ನನ್ ಬಾಯಿಗ್ ಮಣ್ಣಾಕ! ರೂಢಿ ಮೇಲೆ ತಂದ್ಬಿಟ್ಟೆ. ಕೊಡಿಲ್ಲಿ, ಆ ಅಪಶಕುನಾನ ಹಸುಗೆ ಹಾಕ್ಬತ್ತೀನಿ."

"ಇರ್ಲಿ ಅತ್ತೆ," ಎಂದಳು ಒಲೆಯ ಮುಂದಿನಿಂದ ಲತಾಮಣಿ. ವಾರದ ಮೇಲೆ ಅತ್ತೆಯೊಂದಿಗೆ ಅವಳು ಆಡಿದ ಮೊದಲ ಮಾತು ಅದು. "ಒದ್ದೆ ಬಟ್ಟೇಲಿ ಸುತ್ತಿಡಿ. ಬೇಕಾಗ್ಬೋದು."

ಶಿವಬಸಮ್ಮ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈಚೀಲವನ್ನು ಮಡಿಲಿಂದ ಇಳಿಸಿರಲಿಲ್ಲ. ಅವಳು ತಲೆಯೆತ್ತಿ ಮಗಳನ್ನು ನೋಡಿದಳು, ಮತ್ತೆ ಬೆಳ್ಳುಳ್ಳಿಗೆ ಮರಳಿದಳು.

ಹಬ್ಬದ ದಿನ ಹನ್ನೊಂದಕ್ಕೆ ಜೀಪ್ ಬಂತು. ಮೂರೂ ಸಾಲಿನ ಜನ ಹೊರಗಿದ್ದರು, ಮಕ್ಕಳು ನೀರಿನ ಟ್ಯಾಂಕ್ ಹತ್ತಿದ್ದರು. ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳ ನಡುವೆ ನೀಲಿ ಸೀರೆಯುಟ್ಟ ಸಣಕಲು ಹೆಂಗಸೊಬ್ಬಳು ಇಳಿದಳು. ಮಾರಮ್ಮ ಆರತಿ ತಟ್ಟೆ ಹಿಡಿದು ಓಡಿದಳು, ತಟ್ಟೆ ಓರೆಯಾಗಿ ಕೆಂಪು ನೀರು ಕಾನ್‌ಸ್ಟೇಬಲ್ ಬೂಟಿಗೆ ಚೆಲ್ಲಿತು. "ಸಾರಿ ಮೇಡಂ, ಸಾರಿ!" ಎಂದು ವೇಣು ಟವೆಲ್ ತಂದ. ಯಾರೋ ಸೀಟಿ ಹೊಡೆದರು. ಜಯಶೀಲಾ ಅವ್ವನ ಕುತ್ತಿಗೆಗೆ ಬಿದ್ದು ಅತ್ತಳು. ಅಣ್ಣನ ಬೆನ್ನಿಗೆ ಗುದ್ದಿದಳು. ಶೃತಿಯ ಗಲ್ಲ ಹಿಡಿದಳು. ಒಳಗೆ ಬಂದು ಗೋಡೆಯ ಮೇಲಿನ ಬಿಳಿ ಕಲೆ ನೋಡಿದಳು.

"ಇಲ್ಲೇನಾ ನಾನಿದ್ದಿದ್ದು?"

"ಹೂಂ ಅತ್ತೆ. ಪೂರ್ತಿ ಹದಿನೆಂಟ್ ವರ್ಷ," ಎಂದಳು ಶೃತಿ. ಎಲ್ಲರೂ ನಕ್ಕರು.

ಆಗ ಅವಳಿಗೆ ಮೂಲೆಯಲ್ಲಿದ್ದ ಶಿವಬಸಮ್ಮ ಕಂಡಳು. ಲತಾಮಣಿ ತಾಯಿಯ ಪಕ್ಕದಲ್ಲೇ ನಿಂತಿದ್ದಳು. ಜಯಶೀಲಾ ಬ್ಯಾಗಿನಿಂದ ಕೆಂಪು ಸ್ವೆಟರ್ ತೆಗೆದು ಮುದುಕಿಯ ಮುಂದಿಟ್ಟು ನೆಲದ ಮೇಲೆ ಕುಳಿತಳು.

"ಮೇಡಂ, ಒಂದ್ನಿಮಿಷ," ಎಂದು ಜೀಪಿನ ಹಿಂದೆಯೇ ಬಂದಿದ್ದ ಶಿವರಾಮ್ ಅಡ್ಡ ಬಂದರು. "ಇಲ್ಲಿ ಪೊಲೀಸ್ನೋರು ಇದಾರೆ. ಯೋಚ್ನೆ ಮಾಡಿ."

"ಯೋಚ್ನೆ ಮಾಡಿದೀನಿ ಸಾರ್. ಇಪ್ಪತ್ ವರ್ಷ ಅದೇ ಮಾಡಿದ್ದು." ಅವಳು ಶಿವಬಸಮ್ಮನ ಕಡೆ ತಿರುಗಿದಳು. "ಕೈಲಾಸಣ್ಣ ಬಂದಿದ್ದ ಅತ್ತೆ. ಮೂರ್ ದಿನ ಊರೂರು ತಿರುಗಿ ನನ್ ಹೆಸರು ಹಿಡ್ದು ವಿಚಾರಿಸ್ದ. ಅದೇ ಅವನಿಗೆ ಮುಳುವಾಯ್ತು. ಪೊಲೀಸ್ ಕಡೆಯೋನು ಅಂತ ಹಿಡ್ಕೊಂಬಂದ್ರು. ಅವನು, ನಾನು ಅವಳ ನೆಂಟ, ಅವಳನ್ನೇ ಕೇಳಿ ಅಂದ. ನಮ್ ನಾಯಕ ನನ್ನ ಕರೆದು ಕೇಳ್ದ, ಇವನು ನಿಂಗೆ ಗೊತ್ತಾ ಅಂತ."

ಜಯಶೀಲಾ ಸ್ವೆಟರಿನ ಬಿಳಿ ಗುಂಡಿಯ ಮೇಲೆ ಬೆರಳಿಟ್ಟಳು.

"ನಾನು ಸೇರಿ ಒಂದೇ ವರ್ಷ ಆಗಿತ್ತು. ಹೂಂ ಅಂದ್ರೆ ನಾನೇ ಕರೆಸ್ದೆ ಅಂತಾರೆ, ನನ್ನೂ ಹೊಡಿತಾರೆ ಅಂತ ಭಯ ಆಯ್ತು. ಗೊತ್ತಿಲ್ಲ ಅಂದೆ."

ಮಾರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಅವನೇನಂದ?" ಎಂದು ಕೇಳಿದಳು ಶಿವಬಸಮ್ಮ.

"ನನ್ ಮುಖಾನೇ ನೋಡ್ದ. ನಂಗೆ ಭಯ ಆಗಿರೋದು ಅವನಿಗೆ ಗೊತ್ತಾಯ್ತು. ಆಮೇಲೆ ಅವನೇ ಹೇಳ್ದ, ಹೌದು, ಈ ಹುಡುಗಿ ಅಲ್ಲ, ನಾನ್ ಹುಡುಕ್ತಿರೋಳು ಬೇರೆ ಅಂತ." ಜಯಶೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನಿಗೆ ಗುಂಡು ಹೊಡೆದೋನು ಈಗಿಲ್ಲ. ಆದ್ರೆ ಹೂಂ ಅಂದಿದ್ರೆ ಅವನು ಉಳೀತಿದ್ನೋ ಏನೋ. ನಾನು ಅನ್ಲಿಲ್ಲ. ಅವನ ಚೀಲದಲ್ಲಿದ್ದ ಸ್ವೆಟರ್ ನನ್ ಪಾಲಿಗೇ ಬಂತು. ಗುಂಡಿ ನೋಡಿದ ತಕ್ಷಣ ಅವ್ವಂದು ಅಂತ ಗೊತ್ತಾಯ್ತು. ಹಾಕ್ಕೊಂಡೆ. ಚಳಿ ಇತ್ತು."

"ಎಲ್ಲಿ?" ಎಂದಳು ಲತಾಮಣಿ.

"ಹಳ್ಳದ ಪಕ್ಕ, ಕವಲೊಡೆದ ನೇರಳೆ ಮರದ ಬುಡ. ಮಣ್ಣು ಮುಚ್ಚಿದ್ದು ನಾನೇ. ಇವತ್ ಬೆಳಗ್ಗೆ ನಕ್ಷೆ ಬರೆದು, ಎಲ್ಲಾ ಬರೆದು ರುಜು ಹಾಕಿ ಸಮಿತಿಗೆ ಕೊಟ್ಟೆ. ಅಗೆದು ನಿಮ್ಮ ಕೈಗೆ ಕೊಡ್ತಾರೆ."

ಶಿವರಾಮ್ ಹಣೆ ಒತ್ತಿಕೊಂಡು ಕುರ್ಚಿಗೆ ಕುಸಿದರು. "ಹತ್ತನೇದು," ಎಂದರು. "ಆಯ್ತು. ಹತ್ತನೇದು ಆಯ್ತು."

ಲತಾಮಣಿ ಹೋಗಿ ಅವರ ಮುಂದೆ ಕೈ ಚಾಚಿದಳು. "ಕಾಗದ ಕೊಡಿ ಸಾರ್."

"ಇನ್ಯಾಕಮ್ಮ? ಇವರು ಸದ್ಯಕ್ಕೆ ಮನೆಗೆ ಬರೋ ಹಾಗಿಲ್ಲ. ಈ ಕೇಸು ನಾಲ್ಕ್ ವರ್ಷನೋ ಎಂಟ್ ವರ್ಷನೋ."

"ಯಾವತ್ತೋ ಒಂದಿನ ಬಿಡ್ತಾರಲ್ಲ. ಅವತ್ತು ಎಲ್ಲಿಗೆ ಹೋಗ್ತಾಳೆ?"

ಅವಳು ನಿಂತೇ ರುಜು ಹಾಕಿದಳು. ಬೆರಳಿನ ಅರಿಸಿನ ಕಾಗದಕ್ಕೆ ಹತ್ತಿತು. ಜಯಶೀಲಾ ಅವಳ ಕಾಲಿಗೆ ಬಗ್ಗಲು ಹೋದಾಗ ಲತಾಮಣಿ ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ. ಇದು ಮಾಫಿ ಅಲ್ಲ ಜಯ. ಮಾಫಿ ಸರ್ಕಾರದ್ದು, ಅದರ ಹತ್ರ ಬೇಕಾದಷ್ಟಿದೆ. ನನ್ನತ್ರ ಇಲ್ಲ. ಮುಂದೆ ಬರುತ್ತೋ ಇಲ್ವೋ ಗೊತ್ತಿಲ್ಲ. ಹದಿನೆಂಟ್ ಸೀರೆ ನಿನ್ ಹೆಸರಲ್ಲಿ ಉಟ್ಟಿದೀನಿ, ಅದಕ್ಕೆ ಒಂದು ಸೂರು ಅಂದ್ಕೋ." ಅಷ್ಟು ಹೇಳಿ ಅವಳು ಗೋಡೆಗೊರಗಿ ಜೋರಾಗಿ ಅತ್ತುಬಿಟ್ಟಳು. ಅಣ್ಣ ಸತ್ತ ಸುದ್ದಿಗೆ ಅಳಲು ಅವಳಿಗೆ ಅವತ್ತೇ ಅವಕಾಶ ಸಿಕ್ಕಿದ್ದು. ಮಾರಮ್ಮ ಹೋಗಿ ಸೊಸೆಯನ್ನು ಹಿಡಿದುಕೊಂಡಳು. ಲತಾಮಣಿ ಅತ್ತೆಯನ್ನು ತಳ್ಳಲಿಲ್ಲ.

ಶಿವಬಸಮ್ಮ ಅಳಲಿಲ್ಲ. ಮಡಿಲಿನ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಹೊಸ ಖಾಕಿ ಶರ್ಟು, ಗುಂಡುಪಿನ್ನು ಕೂಡ ತೆಗೆದಿರಲಿಲ್ಲ. "ಸ್ವೆಟರ್ ವಿಷ್ಯ ಮಗಳು ಬಂದು ಹೇಳಿದ್ ದಿನವೇ ತಂದೆ," ಎಂದಳು. "ನಂಗ್ ಗೊತ್ತಾಯ್ತು. ಆದ್ರೂ ಯಾರಾದ್ರೂ ಬಾಯಿಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ. ಎಲ್ಲವ್ವ, ಆ ಎಲೆ?"

ಒದ್ದೆ ಬಟ್ಟೆಯಿಂದ ಐದನೇ ಎಲೆ ಹೊರಬಂತು. ಮುನಿಯಣ್ಣನ ಬೀಡಿಯ, ಚಿನ್ನಪ್ಪನ ಬ್ರಾಂದಿಯ ಪಕ್ಕ ಮಾರಮ್ಮ ಅದನ್ನು ಹಾಸಿದಳು. ಶಿವಬಸಮ್ಮ ಮೇಲ್ಗಡೆ ಶರ್ಟ್ ಇಟ್ಟಳು. ಲತಾಮಣಿ ಕಣ್ಣೊರೆಸಿಕೊಂಡು ಬೋಟಿ ಗೊಜ್ಜಿನ ಪಾತ್ರೆ ತಂದವಳು ಒಂದು ಗಳಿಗೆ ನಿಂತು, ಸೌಟನ್ನು ಜಯಶೀಲಾಳ ಕೈಗೆ ಕೊಟ್ಟಳು.

ಜಯಶೀಲಾ ಎಲೆಯ ತುದಿಗೆ ಚೂರು ಬಡಿಸಿದಳು.

"ಅದೇನ್ ಹಂಗ್ ಬಡಿಸ್ತೀಯ? ತುಂಬ ಹಾಕು," ಎಂದಳು ಶಿವಬಸಮ್ಮ. "ದೂರದಿಂದ ಬಂದವ್ನೆ."

ಕರ್ಪೂರ ಹಚ್ಚಿ, ಎಲ್ಲರೂ ಅಡ್ಡಬಿದ್ದು, ವೇಣು ಬಾಗಿಲೆಳೆದುಕೊಂಡ. ಮನೆಯವರು, ವಕೀಲರು, ಕಾನ್‌ಸ್ಟೇಬಲ್‌ಗಳು, ಅರ್ಧ ಬೀದಿಯ ಜನ ಬಿಸಿಲಲ್ಲಿ ನಿಂತರು. ಜಯಶೀಲಾಳೂ ನಿಂತಳು. ಐದು ನಿಮಿಷವಾಯಿತು, ಹತ್ತಾಯಿತು. ಹಿರಿಯ ಕಾನ್‌ಸ್ಟೇಬಲ್ ಗಡಿಯಾರ ನೋಡಿ ಮೆಲ್ಲಗೆ ಬಾಗಿಲ ಕಡೆ ಬಂದಳು. ಸಾಹೇಬರ ಫೋನ್ ಬಂದಿದೆ, ಸಮಿತಿಗೆ ಕೊಟ್ಟ ಹೇಳಿಕೆ ತಲುಪಿದೆಯಂತೆ, ಈಗಲೇ ಕರೆದುಕೊಂಡು ಹೊರಡಬೇಕಂತೆ. "ಬಾಗ್ಲು ತೆಗೀರಿ, ಇವರ ಬ್ಯಾಗ್ ಒಳಗಿದೆ," ಎಂದಳು.

ಶಿವಬಸಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಒಸಿ ತಡಿಯವ್ವ," ಎಂದಳು. "ನನ್ ಮಗ ಉಣ್ತಾವ್ನೆ."